ಅವ್ಯಕ್ತವನ್ನು ಬಿಡಿಸುವ ದಾರಿ: ಮಾನ್ಯಖೇಟದಿಂದ ನಮ್ಮ ಗಣಕ ಕೊಠಡಿಯವರೆಗೆ

ಶತಮಾನೋತ್ಸವದ ಸ್ಮರಣ ಸಂಚಿಕೆಗೆ ಮುಖ್ಯೋಪಾಧ್ಯಾಯಿನಿಯಾದವರು ಶಾಲೆ ಬೆಳೆದು ಬಂದ ಬಗೆಯನ್ನು ಬರೆಯುವುದು ವಾಡಿಕೆ. ಕಟ್ಟಡ ಎದ್ದ ಕಥೆ, ದಾನಿಗಳ ಔದಾರ್ಯ, ಹಿರಿಯ ಗುರುಗಳ ಸ್ಮರಣೆ, ಇವೆಲ್ಲ ಈ ಸಂಚಿಕೆಯ ಬೇರೆ ಪುಟಗಳಲ್ಲಿ ಬಲ್ಲವರ ಲೇಖನಿಯಿಂದಲೇ ಬಂದಿವೆ. ಆದುದರಿಂದ ನಾವು ಇಲ್ಲಿ ಅದನ್ನೇ ಮತ್ತೆ ಹೇಳುವುದಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ಮುಂದೆ ಬಂದ ಒಂದು ಪ್ರಶ್ನೆಗೆ, ಅಂದು ಕೊಡಲಾಗದ ಉತ್ತರವನ್ನು ಬರೆಯಲು ಹೊರಟಿದ್ದೇವೆ.

ಶಾಲೆ ಆರಂಭವಾಗಿ ಎರಡು ವಾರ ಕಳೆದಿತ್ತು. ಮಳೆ ಸುರಿಯುತ್ತಿದ್ದ ಒಂದು ಬೆಳಿಗ್ಗೆ ಒಬ್ಬ ತಂದೆ ಕಚೇರಿಯ ಬಾಗಿಲಲ್ಲಿ ಕೊಡೆ ಮಡಚಿ ನಿಂತರು. ಅವರೂ ಇದೇ ಶಾಲೆಯಲ್ಲಿ ಕಲಿತವರು. ಮಗಳ ಟಿ.ಸಿ. ಬೇಕಾಗಿತ್ತು. ಕಾರಣ ಕೇಳಿದಾಗ ಸಂಕೋಚದಿಂದಲೇ ಅವರು ಹೇಳಿದ್ದು ಇಷ್ಟು: “ಟೀಚರೇ, ನಾನು ಕನ್ನಡದಲ್ಲೇ ಕಲಿತವನು, ಶಾಲೆಯ ಮೇಲೆ ಬೇಸರವಿಲ್ಲ. ಆದರೆ ಮುಂದೆ ಎಲ್ಲವೂ ಕಂಪ್ಯೂಟರ್. ಲೆಕ್ಕವನ್ನು ಕನ್ನಡದಲ್ಲಿ ಕಲಿತರೆ ಅದು ಕಂಪ್ಯೂಟರಿಗೆ ಅರ್ಥವಾಗುತ್ತದೆಯೇ?” ನಾವು ಇತಿಹಾಸದಲ್ಲಿ ಎಂ.ಎ. ಮಾಡಿದವರು, ಲೆಕ್ಕದ ಮಾತಿಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಮಾತೃಭಾಷೆ, ಸಂಸ್ಕೃತಿ ಎಂದು ಏನೋ ಹೇಳಿದೆವು. ಅವರು ವಿನಯದಿಂದ ಕೇಳಿಸಿಕೊಂಡರು. ಟಿ.ಸಿ.ಗೆ ಸಹಿ ಹಾಕಿಕೊಟ್ಟೆವು. ಆ ಮಗು ಮಾರನೆಯ ದಿನದಿಂದ ಬೇರೆ ಶಾಲೆಯ ಬಸ್ಸು ಹತ್ತಿತು.

ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ಅದಕ್ಕೆ ಉತ್ತರ ಹುಡುಕುವ ದಾರಿಯನ್ನು ತೋರಿಸಿದ್ದು ಪುಸ್ತಕವಲ್ಲ, ಶಾಲೆಯ ಹಿಂದಿನ ಒಂದೂವರೆ ಸೆಂಟು ಜಾಗ.

ತೋಟದ ಲೆಕ್ಕ

ಮುತ್ತಂಗದ ಸುತ್ತ ತೋಟ ಮಾಡುವವರಿಗೆ ಬೇಲಿಯ ಲೆಕ್ಕವೇ ಮೊದಲ ಲೆಕ್ಕ. ಕಾಡು ಹತ್ತಿರ, ಬೇಲಿಯಿಲ್ಲದ ಬೆಳೆ ಹಂದಿಗೋ ಜಿಂಕೆಗೋ ಆನೆಗೋ ಸಲ್ಲುತ್ತದೆ. ಒಂದು ವರ್ಷ ಮಕ್ಕಳು ತರಕಾರಿ ತೋಟಕ್ಕೆ ಆಯತಾಕಾರದ ಪಾತಿ ಮಾಡಲು ಹೊರಟರು. ಕೈಯಲ್ಲಿದ್ದ ಬಲೆ 34 ಮೀಟರ್, ಒಂದು ಸುತ್ತಿಗೆ ಸರಿ. ಬೇಕಾಗಿದ್ದ ಜಾಗ 60 ಚದರ ಮೀಟರ್. ಪಾತಿಯ ಉದ್ದವೆಷ್ಟು, ಅಗಲವೆಷ್ಟು? ಹತ್ತನೆಯ ತರಗತಿಯ ಗಣಿತದ ಅಧ್ಯಾಪಕರು ಇದನ್ನು ಗಣಕ ಕೊಠಡಿಗೆ ಒಯ್ದರು. ಒಂದು ಬದಿಯನ್ನೂ ಇನ್ನೊಂದು ಬದಿಯನ್ನೂ ಎರಡು ಅವ್ಯಕ್ತಗಳೆಂದು ಇಟ್ಟುಕೊಂಡರೆ ಎರಡು ಸಮೀಕರಣಗಳು ಸಿಗುತ್ತವೆ: ಎರಡರ ಮೊತ್ತ 17, ಎರಡರ ಗುಣಲಬ್ಧ 60. ಮೊದಲನೆಯದನ್ನು ನಕ್ಷೆಯಲ್ಲಿ ಬಿಡಿಸಿದರೆ ಸರಳರೇಖೆ. ಎರಡನೆಯದು ಹಾಗಲ್ಲ, ಅವ್ಯಕ್ತವು ಅವ್ಯಕ್ತದಿಂದಲೇ ಗುಣಿತವಾಗಿರುವುದರಿಂದ ಅದು ಬಾಗಿದ ರೇಖೆಯಾಗುತ್ತದೆ. ಇಂಥವನ್ನು ಅರೇಖೀಯ ಸಮೀಕರಣಗಳೆನ್ನುತ್ತಾರೆ. ಎರಡನ್ನೂ ಒಟ್ಟಿಗೆ ತೃಪ್ತಿಪಡಿಸುವ ಬೆಲೆಗಳು ಬೇಕು.

ಕೇರಳದ ಶಾಲೆಗಳಿಗೆ ಬರುವ ಗಣಕಗಳಲ್ಲಿ ಜಿಯೋಜಿಬ್ರಾ ಎಂಬ ತಂತ್ರಾಂಶವಿರುವುದು ಇಂದಿನ ಪೋಷಕರಿಗೆ ಗೊತ್ತಿದೆ. ಅದರಲ್ಲಿ ಸಂಖ್ಯೆಗಳನ್ನಷ್ಟೇ ಅಲ್ಲದೆ ಅಕ್ಷರಗಳನ್ನೂ ಅಕ್ಷರಗಳಾಗಿಯೇ ಉಳಿಸಿಕೊಂಡು ಲೆಕ್ಕ ಮಾಡುವ ಬೀಜಗಣಿತದ ವಿಭಾಗವೊಂದಿದೆ. ಮಕ್ಕಳು ಎರಡು ಸಮೀಕರಣಗಳನ್ನು ಬರೆದು ‘ಸಾಲ್ವ್’ ಎಂಬ ಆಜ್ಞೆ ಕೊಟ್ಟರು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಉತ್ತರಗಳು ಬಂದವು: 12 ಮತ್ತು 5, 5 ಮತ್ತು 12.

ಎರಡೂ ಒಂದೇ ಎಂದು ತರಗತಿಯೆಲ್ಲ ಹೇಳಿತು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಒಪ್ಪಲಿಲ್ಲ. ಕಾಡಂಚಿನ ಹಾಡಿಯಿಂದ ಬರುತ್ತಿದ್ದ, ಮನೆಯಲ್ಲಿ ನಮ್ಮ ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುತ್ತಿದ್ದ ಮಗು ಅವಳು. “ಒಂದೇ ಅಲ್ಲ ಟೀಚರ್. ಉದ್ದದ ಬದಿ ಇಳಿಜಾರಿನಲ್ಲಿ ಬಂದರೆ ಮಳೆಗೆ ಮಣ್ಣು ಪೂರಾ ಹೋಗುತ್ತದೆ. ಅಡ್ಡಕ್ಕೆ ಬಂದರೆ ನಿಲ್ಲುತ್ತದೆ” ಎಂದಳು. ಆಯತದ ಬದಿಗಳನ್ನು ಅದಲುಬದಲು ಮಾಡಿದರೂ ಕಾಗದದ ಮೇಲೆ ಆಯತ ಅದೇ. ಇಳಿಜಾರಿನ ನೆಲದ ಮೇಲೆ ಅದೇ ಅಲ್ಲ. ಯಂತ್ರವು ಎರಡು ಉತ್ತರ ಕೊಟ್ಟಿದ್ದೇನೋ ಸರಿ. ಯಾವುದು ನಮ್ಮ ಉತ್ತರವೆಂದು ಅದಕ್ಕೆ ತಿಳಿದಿರಲಿಲ್ಲ, ಅವಳಿಗೆ ತಿಳಿದಿತ್ತು. ಪಾತಿಯ ಉದ್ದವನ್ನು ಇಳಿಜಾರಿಗೆ ಅಡ್ಡವಾಗಿಯೇ ಹಾಕಿದೆವು.

ಇತಿಹಾಸದ ವಿದ್ಯಾರ್ಥಿನಿಯಾದ ನಮಗೆ ಅಂದು ಒಂದು ಕುತೂಹಲ ಹುಟ್ಟಿತು. ಎರಡು ಅವ್ಯಕ್ತಗಳ ಮೊತ್ತವೂ ಗುಣಲಬ್ಧವೂ ತಿಳಿದಿದ್ದರೆ ಅವನ್ನು ಬಿಡಿಸುವ ಈ ವಿದ್ಯೆ ಎಲ್ಲಿಂದ ಬಂತು? ಹುಡುಕುತ್ತ ಹೋದಾಗ ದಾರಿ ನಮ್ಮನ್ನು ದೂರ ದೇಶಕ್ಕೆ ಒಯ್ಯಲಿಲ್ಲ. ಮುತ್ತಂಗದ ಚೆಕ್‌ಪೋಸ್ಟ್ ದಾಟಿ ಉತ್ತರಕ್ಕೆ, ಕನ್ನಡ ನಾಡಿನ ನಡುವಿಗೆ ಒಯ್ದಿತು.

ಮಾನ್ಯಖೇಟದ ಆಚಾರ್ಯ

ಕೋಯಿಕ್ಕೋಡಿನಿಂದ ಬತ್ತೇರಿ, ಮುತ್ತಂಗ, ಗುಂಡ್ಲುಪೇಟೆಗಳ ಮೂಲಕ ಮೈಸೂರಿಗೆ ಹೋಗುವ ನಮ್ಮ ಹೆದ್ದಾರಿ ಹಳೆಯ ದಾರಿ. ಸುಲ್ತಾನ್ ಬತ್ತೇರಿಯಲ್ಲಿ 13ನೆಯ ಶತಮಾನದ್ದೆಂದು ಹೇಳಲಾಗುವ ಕಲ್ಲಿನ ಜೈನ ಬಸದಿಯನ್ನು ನಮ್ಮ ಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಮ್ಮೆಯಾದರೂ ಪ್ರವಾಸದಲ್ಲಿ ಕಂಡಿರುತ್ತಾನೆ. ಅದು ಪೂಜೆಯ ತಾಣವಾಗಿತ್ತು, ಬಳಿಕ ವ್ಯಾಪಾರದ ಕೇಂದ್ರವಾಯಿತು, ಟಿಪ್ಪುವಿನ ಕಾಲದಲ್ಲಿ ಮದ್ದುಗುಂಡಿನ ಉಗ್ರಾಣವಾಯಿತು. ಊರಿಗೆ ಬತ್ತೇರಿ ಎಂಬ ಹೆಸರು ಬಂದುದೂ ಅದರಿಂದಲೇ. ವಯನಾಡಿನ ಜೈನ ಗೌಡರು ಕನ್ನಡ ನಾಡಿನೊಂದಿಗೆ ನಂಟು ಉಳಿಸಿಕೊಂಡವರು. ಈ ಬಸದಿಯಲ್ಲಿ ಗಣಿತದ ಪಾಠ ನಡೆಯುತ್ತಿತ್ತೆಂದು ನಾವು ಹೇಳುತ್ತಿಲ್ಲ. ಆದರೆ ಅದನ್ನು ಕಟ್ಟಿದ ಸಮುದಾಯವೇ ಕನ್ನಡ ನಾಡಿನಲ್ಲಿ ಗಣಿತವನ್ನು ಒಂದು ಶಾಸ್ತ್ರವಾಗಿ ಬೆಳೆಸಿತೆಂಬುದನ್ನು ಮಕ್ಕಳಿಗೆ ಹೇಳಲು ಅದರ ಕಂಬಗಳ ನೆರಳಿಗಿಂತ ಒಳ್ಳೆಯ ಜಾಗವಿಲ್ಲ.

ಮಹಾವೀರಾಚಾರ್ಯನು ಜೈನ ಗಣಿತಜ್ಞ. ಕ್ರಿ.ಶ. 850ರ ಸುಮಾರಿಗೆ ‘ಗಣಿತಸಾರಸಂಗ್ರಹ’ವೆಂಬ ಗ್ರಂಥವನ್ನು ಸಂಸ್ಕೃತದಲ್ಲಿ ಬರೆದನು. ಗ್ರಂಥದ ಆರಂಭದಲ್ಲಿ ಅವನು ಹೊಗಳುವ ರಾಜ ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗ. ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ, ಅವನ ರಾಜಧಾನಿ. ‘ಕವಿರಾಜಮಾರ್ಗ’ದೊಂದಿಗೆ ಹೆಸರು ಕೂಡಿಕೊಂಡಿರುವ ನೃಪತುಂಗನೂ ಇವನೇ. ಕನ್ನಡ ಕಾವ್ಯದ ಲಕ್ಷಣಗ್ರಂಥವೂ ಈ ಗಣಿತಗ್ರಂಥವೂ ಒಬ್ಬನೇ ಅರಸನ ಕಾಲದಲ್ಲಿ ಹುಟ್ಟಿದವೆಂಬುದನ್ನು ನಮ್ಮ ಭಾಷಾ ಅಧ್ಯಾಪಕರೂ ಗಣಿತ ಅಧ್ಯಾಪಕರೂ ಒಟ್ಟಿಗೆ ನೆನೆಯಬೇಕು.

ಅವನ ಗ್ರಂಥದಲ್ಲಿ ಮಾದಲಹಣ್ಣು ಮತ್ತು ಬೇಲದಹಣ್ಣುಗಳ ಒಂದು ಲೆಕ್ಕವಿದೆ. ಒಂಬತ್ತು ಮಾದಲಹಣ್ಣು ಮತ್ತು ಏಳು ಬೇಲದಹಣ್ಣುಗಳ ಬೆಲೆ 107. ಏಳು ಮಾದಲಹಣ್ಣು ಮತ್ತು ಒಂಬತ್ತು ಬೇಲದಹಣ್ಣುಗಳ ಬೆಲೆ 101. ಒಂದೊಂದರ ಬೆಲೆಯೆಷ್ಟು? ಎರಡನ್ನೂ ಕೂಡಿಸಿದರೆ ಎರಡು ಜಾತಿಯ ಹಣ್ಣುಗಳೂ ಹದಿನಾರು ಹದಿನಾರಾಗುತ್ತವೆ, ಬೆಲೆ 208. ಆದ್ದರಿಂದ ಒಂದು ಜೊತೆಗೆ 13. ಕಳೆದರೆ ಎರಡರ ವ್ಯತ್ಯಾಸ 3. ಮೊತ್ತ 13, ವ್ಯತ್ಯಾಸ 3. ಮಾದಲಕ್ಕೆ 8, ಬೇಲಕ್ಕೆ 5. ಮೊತ್ತ ಮತ್ತು ವ್ಯತ್ಯಾಸಗಳಿಂದ ಎರಡು ರಾಶಿಗಳನ್ನು ಹೀಗೆ ಪಡೆಯುವ ಕ್ರಿಯೆಗೆ ಪ್ರಾಚೀನರು ಇಟ್ಟ ಹೆಸರು ‘ಸಂಕ್ರಮಣ’. ಸೂರ್ಯನು ರಾಶಿಯಿಂದ ರಾಶಿಗೆ ದಾಟುವುದಕ್ಕೂ ನಾವು ಬಳಸುವ ಪದವದು.

ಇದು ಸರಳ ಸಮೀಕರಣ. ಮಹಾವೀರಾಚಾರ್ಯನ ಜಾಣ್ಮೆ ಕಾಣುವುದು ನಮ್ಮ ತೋಟದಂಥ ಲೆಕ್ಕಗಳಲ್ಲಿ. ಆಯತದ ಸುತ್ತಳತೆಯೂ ಕ್ಷೇತ್ರಫಲವೂ ತಿಳಿದಿದ್ದರೆ ಬದಿಗಳನ್ನು ಕಂಡುಹಿಡಿಯಲು ಅವನು ಕೊಡುವ ಸೂತ್ರದ ಸಾರ ಇದು: ಅರ್ಧ ಸುತ್ತಳತೆಯ ವರ್ಗದಿಂದ ಕ್ಷೇತ್ರಫಲದ ನಾಲ್ಕರಷ್ಟನ್ನು ಕಳೆದು ವರ್ಗಮೂಲ ತೆಗೆ, ಆ ಮೂಲಕ್ಕೂ ಅರ್ಧ ಸುತ್ತಳತೆಗೂ ಸಂಕ್ರಮಣ ಮಾಡು. ನಮ್ಮ ಪಾತಿಗೆ ಇದನ್ನು ಹಚ್ಚಿ ನೋಡೋಣ. ಅರ್ಧ ಸುತ್ತಳತೆ 17, ಅದರ ವರ್ಗ 289. ಕ್ಷೇತ್ರಫಲದ ನಾಲ್ಕರಷ್ಟು 240. ಉಳಿದದ್ದು 49, ಮೂಲ 7. 17 ಮತ್ತು 7ಕ್ಕೆ ಸಂಕ್ರಮಣ ಮಾಡಿದರೆ 24ರ ಅರ್ಧ 12, 10ರ ಅರ್ಧ 5. ಗಣಕವು ಕೊಟ್ಟ ಉತ್ತರವೇ.

ಈ ಸೂತ್ರದ ಮರ್ಮವನ್ನು ಗಮನಿಸಬೇಕು. ಮೊತ್ತದ ವರ್ಗದಿಂದ ಗುಣಲಬ್ಧದ ನಾಲ್ಕರಷ್ಟನ್ನು ಕಳೆದರೆ ಉಳಿಯುವುದು ವ್ಯತ್ಯಾಸದ ವರ್ಗ. ಬಾಗಿದ ಸಮೀಕರಣವನ್ನು ಒಂದು ವರ್ಗಮೂಲದ ಬಾಗಿಲಿನಿಂದ ದಾಟಿಸಿದರೆ ಅದು ಹಣ್ಣಿನ ಲೆಕ್ಕದಷ್ಟೇ ಸರಳವಾದ ಮೊತ್ತ ವ್ಯತ್ಯಾಸಗಳ ಲೆಕ್ಕವಾಗುತ್ತದೆ. ಕಷ್ಟವನ್ನು ಆಗಲೇ ಬಲ್ಲ ಸುಲಭಕ್ಕೆ ಇಳಿಸುವುದೇ ಈ ವಿದ್ಯೆಯ ಬೆನ್ನೆಲುಬು. ಇದಕ್ಕೆ ಒಡನಾಡಿಯಾದ, ವ್ಯತ್ಯಾಸ ಮತ್ತು ಗುಣಲಬ್ಧ ತಿಳಿದಾಗಿನ ಸೂತ್ರವನ್ನು 499ರಲ್ಲಿಯೇ ಆರ್ಯಭಟನು ಕೊಟ್ಟಿದ್ದನು. ಸುತ್ತಳತೆಯ ಬದಲು ಕರ್ಣವೂ ಕ್ಷೇತ್ರಫಲವೂ ತಿಳಿದಿದ್ದರೆ ಏನು ಮಾಡಬೇಕೆಂಬುದನ್ನೂ ಮಹಾವೀರಾಚಾರ್ಯನು ಹೇಳುತ್ತಾನೆ. ಕರ್ಣದ ವರ್ಗಕ್ಕೆ ಕ್ಷೇತ್ರಫಲದ ಇಮ್ಮಡಿಯನ್ನು ಒಮ್ಮೆ ಕೂಡಿಸು, ಒಮ್ಮೆ ಕಳೆ. ಎರಡರ ಮೂಲಗಳನ್ನೂ ತೆಗೆದು ಸಂಕ್ರಮಣ ಮಾಡು. ನಮ್ಮ ಪಾತಿಯ ಕರ್ಣ 13 ಮೀಟರ್. 169ಕ್ಕೆ 120 ಕೂಡಿಸಿದರೆ 289, ಮೂಲ 17. ಕಳೆದರೆ 49, ಮೂಲ 7. ಮತ್ತೆ ಅದೇ 12, ಅದೇ 5.

ಈ ಗ್ರಂಥದ ತಾಳೆಗರಿಗಳು ಶತಮಾನಗಳ ಕಾಲ ಬಸದಿ ಮಠಗಳಲ್ಲಿ ಉಳಿದವು. ಮದರಾಸಿನ ಪ್ರಾಧ್ಯಾಪಕ ಎಂ. ರಂಗಾಚಾರ್ಯರು ಕನ್ನಡ ಲಿಪಿಯ ಪ್ರತಿಗಳನ್ನೂ ಬಳಸಿಕೊಂಡು ಅದನ್ನು ಸಂಪಾದಿಸಿ, ಇಂಗ್ಲಿಷ್ ಅನುವಾದದೊಂದಿಗೆ 1912ರಲ್ಲಿ ಪ್ರಕಟಿಸಿದರು. ಆ ದಿನಗಳಲ್ಲಿ ನಮ್ಮ ವಯನಾಡೂ ಮದರಾಸು ಪ್ರಾಂತದ ಮಲಬಾರ್ ಜಿಲ್ಲೆಯ ಭಾಗವೇ ಆಗಿತ್ತು. ಪ್ರೊ. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಪ್ರಕಟವಾದುದು 2000ದಲ್ಲಿ. ಕನ್ನಡ ನಾಡಿನ ಗ್ರಂಥವನ್ನು ಕನ್ನಡದ ಮಕ್ಕಳಿಗೆ ನಾವು ಓದಿಸಲಿಲ್ಲವೆಂದರೆ, ಇನ್ನು ಪುಸ್ತಕ ಸಿಗಲಿಲ್ಲವೆಂಬ ನೆಪವಿಲ್ಲ.

ಬಣ್ಣಗಳ ಹೆಸರಿನ ಅವ್ಯಕ್ತಗಳು

ಮಹಾವೀರಾಚಾರ್ಯನು ಬರೆದದ್ದು ಸಂಸ್ಕೃತದಲ್ಲಿ. ಕನ್ನಡದಲ್ಲಿಯೇ ಗಣಿತ ಬರೆದವರಿಲ್ಲವೇ ಎಂದು ಕೇಳುವವರಿಗೆ ರಾಜಾದಿತ್ಯನ ಹೆಸರು ಹೇಳಬೇಕು. 12ನೆಯ ಶತಮಾನದ ಈ ಜೈನ ಕವಿ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದನು. ವ್ಯಾಪಾರಿಗೆ, ಜಮೀನು ಅಳೆಯುವವನಿಗೆ ಬೇಕಾದ ಲೆಕ್ಕ ಅವನ ಕೈಯಲ್ಲಿ ಕನ್ನಡದ ಪದ್ಯವಾಯಿತು. ಎಂದರೆ, ಕನ್ನಡದಲ್ಲಿ ಗಣಿತ ಸಾಧ್ಯವೇ ಎಂಬ ಪ್ರಶ್ನೆಗೆ ಉತ್ತರ ಬಂದು ಎಂಟು ಶತಮಾನಗಳು ಕಳೆದಿವೆ.

ಅದೇ ಶತಮಾನದಲ್ಲಿ, 1114ರಲ್ಲಿ, ಭಾಸ್ಕರಾಚಾರ್ಯನು ಹುಟ್ಟಿದನು. ಅವನು ತನ್ನ ಊರೆಂದು ಹೇಳುವ ಸಹ್ಯಾದ್ರಿಯ ವಿಜ್ಜಡವಿಡ ನಮ್ಮ ವಿಜಯಪುರವೆಂದು ಕೆಲವರು, ಖಾನದೇಶದ ಪಾಟಣದ ಬಳಿಯದೆಂದು ಇನ್ನು ಕೆಲವರು ವಾದಿಸುತ್ತಾರೆ. ಆ ವಾದ ಏನೇ ಇರಲಿ, 1150ರಲ್ಲಿ ಮುಗಿದ ಅವನ ‘ಸಿದ್ಧಾಂತಶಿರೋಮಣಿ’ಯ ಒಂದು ಭಾಗದ ಹೆಸರು ‘ಬೀಜಗಣಿತ’. ನಮ್ಮ ಮಕ್ಕಳು ವೇಳಾಪಟ್ಟಿಯಲ್ಲಿ ದಿನವೂ ಬರೆಯುವ ಪದ ಒಬ್ಬ ಆಚಾರ್ಯನ ಗ್ರಂಥದ ಹೆಸರು. ಇಂಗ್ಲಿಷಿನವರು ಇದೇ ಶಾಸ್ತ್ರಕ್ಕೆ ಬಳಸುವ ‘ಆಲ್ಜಿಬ್ರಾ’ ಎಂಬುದೂ ಅವರ ಸ್ವಂತ ಪದವಲ್ಲ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿಯ ಅರಬ್ಬೀ ಗ್ರಂಥದ ಶೀರ್ಷಿಕೆಯಿಂದ ಬಂದದ್ದು. ಹೆಸರುಗಳೂ ಹೀಗೆ ಗಡಿ ದಾಟುತ್ತವೆ.

ಭಾಸ್ಕರನು ಅವ್ಯಕ್ತ ರಾಶಿಗಳಿಗೆ ಬಣ್ಣಗಳ ಹೆಸರಿಟ್ಟನು. ಮೊದಲನೆಯದು ‘ಯಾವತ್ತಾವತ್’, ಎಂದರೆ ಎಷ್ಟೋ ಅಷ್ಟು. ಅನಂತರ ಕಾಲಕ, ನೀಲಕ, ಪೀತಕ, ಲೋಹಿತಕ. ಕಪ್ಪು, ನೀಲಿ, ಹಳದಿ, ಕೆಂಪು. ಬರೆಯುವಾಗ ಮೊದಲ ಅಕ್ಷರ ಸಾಕು: ಯಾ, ಕಾ, ನೀ, ಪೀ, ಲೋ. ನಮ್ಮ ತೋಟದ ಲೆಕ್ಕವನ್ನು ಈ ಅಕ್ಷರಗಳಲ್ಲಿ ಬರೆದರೆ ಹೀಗಾಗುತ್ತದೆ:

ಯಾ + ಕಾ = 17
ಯಾ × ಕಾ = 60

ಅವ್ಯಕ್ತಗಳ ಗುಣಲಬ್ಧವಿರುವ ಸಮೀಕರಣಗಳಿಗೆ ಅವನ ಗ್ರಂಥದಲ್ಲಿ ‘ಭಾವಿತ’ವೆಂಬ ಪ್ರತ್ಯೇಕ ಪ್ರಕರಣವೇ ಇದೆ. ಅಲ್ಲಿನ ಒಂದು ಉದಾಹರಣೆ: ಎರಡು ರಾಶಿಗಳಲ್ಲಿ ಒಂದರ ನಾಲ್ಕರಷ್ಟು, ಇನ್ನೊಂದರ ಮೂರರಷ್ಟು, ಎರಡು, ಇವುಗಳ ಮೊತ್ತ ಆ ರಾಶಿಗಳ ಗುಣಲಬ್ಧಕ್ಕೆ ಸಮ. ಭಾಸ್ಕರನು ಗುಣಲಬ್ಧವನ್ನು ಒಂದು ಆಯತವಾಗಿ ಕಲ್ಪಿಸಿ, ಅದರಿಂದ ನಾಲ್ಕರಷ್ಟು ಮತ್ತು ಮೂರರಷ್ಟರ ಪಟ್ಟಿಗಳನ್ನು ಕತ್ತರಿಸಿ, ಮೂಲೆಯಲ್ಲಿ ಉಳಿಯುವ ಚಿಕ್ಕ ಆಯತದ ಕ್ಷೇತ್ರಫಲ 14 ಎಂದು ತೋರಿಸುತ್ತಾನೆ. 14ನ್ನು ಎರಡು ಪೂರ್ಣಾಂಕಗಳ ಗುಣಲಬ್ಧವಾಗಿ ಒಡೆದರೆ ಉತ್ತರಗಳು ಸಾಲಾಗಿ ಬರುತ್ತವೆ: 4 ಮತ್ತು 18, 5 ಮತ್ತು 11, 10 ಮತ್ತು 6, 17 ಮತ್ತು 5. ಓದುಗರು ತಾಳೆ ನೋಡಬಹುದು. ಬೀಜಗಣಿತವೆಂದರೆ ಅರ್ಥವಿಲ್ಲದ ಅಕ್ಷರಗಳ ಆಟವೆಂದು ಬೇಸರಪಡುವ ಮಕ್ಕಳಿಗೆ ಈ ಆಯತವನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದನ್ನು ನಮ್ಮ ಶಾಲೆಯಲ್ಲಿ ಈಗ ರೂಢಿ ಮಾಡಿಕೊಂಡಿದ್ದೇವೆ.

ಭಾಸ್ಕರನ ಇನ್ನೊಂದು ಲೆಕ್ಕ ನಮ್ಮ ಮಕ್ಕಳಿಗೆ ಬಲು ಪ್ರಿಯ, ಏಕೆಂದರೆ ಅದು ಕೋತಿಗಳದು. ಮುತ್ತಂಗದ ಮಕ್ಕಳಿಗೆ ಕೋತಿಯ ಹಿಂಡನ್ನು ವಿವರಿಸಬೇಕಾಗಿಲ್ಲ. ಹಿಂಡಿನ ಐದನೆಯ ಒಂದು ಭಾಗದಲ್ಲಿ ಮೂರು ಕಳೆದು ವರ್ಗ ಮಾಡಿದಷ್ಟು ಕೋತಿಗಳು ಗುಹೆಗೆ ಹೋದವು. ಒಂದು ಮಾತ್ರ ಕೊಂಬೆಯ ಮೇಲೆ ಕಾಣುತ್ತಿದೆ. ಹಿಂಡಿನಲ್ಲಿ ಎಷ್ಟಿದ್ದವು? ಲೆಕ್ಕ ಮಾಡಿದರೆ ಎರಡು ಉತ್ತರ: 50 ಮತ್ತು 5. ಐವತ್ತರ ಐದನೆಯ ಒಂದು ಭಾಗ ಹತ್ತು, ಮೂರು ಕಳೆದರೆ ಏಳು, ಅದರ ವರ್ಗ 49, ಒಂದು ಸೇರಿ 50. ಐದಕ್ಕೂ ಲೆಕ್ಕ ಸರಿಹೊಂದುತ್ತದೆ. ಆದರೆ ನಡುವೆ ಒಂದರಲ್ಲಿ ಮೂರು ಕಳೆಯಬೇಕಾಗಿ ಋಣ ಎರಡು ಕೋತಿಗಳು ಬರುತ್ತವೆ. ಇಂಥ ಉತ್ತರವನ್ನು ಜನ ಒಪ್ಪುವುದಿಲ್ಲವೆಂಬ ಕಾರಣ ಹೇಳಿ ಭಾಸ್ಕರನು ಐದನ್ನು ಬಿಡುತ್ತಾನೆ. ಎರಡು ಮೂಲಗಳನ್ನೂ ಕಂಡು, ಅನಂತರ ಪ್ರಶ್ನೆಯ ಕಡೆಗೆ ತಿರುಗಿ ಯಾವುದು ಲೋಕಕ್ಕೆ ಸಲ್ಲುತ್ತದೆಂದು ಕೇಳುವ ಈ ನಡೆಯನ್ನು ನಾವು ನೆನಪಿಡಬೇಕು.

ಯಂತ್ರ ಮಾಡುವುದೇನು?

ಇನ್ನು ಗಣಕದ ಒಳಗೆ ನಡೆಯುವುದನ್ನು ನೋಡೋಣ. ಹಲವು ಅವ್ಯಕ್ತಗಳ ಹಲವು ಸಮೀಕರಣಗಳಿದ್ದಾಗ ಒಂದೊಂದೇ ಅವ್ಯಕ್ತವನ್ನು ತೊಲಗಿಸಿ, ಕಡೆಗೆ ಒಂದೇ ಅವ್ಯಕ್ತ ಉಳಿಯುವಂತೆ ಮಾಡುವುದು ಪುರಾತನ ಉಪಾಯ. ನಮ್ಮ ಲೆಕ್ಕದಲ್ಲಿ ಯಾ ತೊಲಗಿಸಿದರೆ ಕಾ² − 17ಕಾ + 60 = 0 ಉಳಿಯುತ್ತದೆ. ಇದು ಸುಲಭ. ಆದರೆ ಅವ್ಯಕ್ತಗಳೂ ಘಾತಗಳೂ ಹೆಚ್ಚಿದಂತೆ ಕೆಲಸ ಕೈಮೀರುತ್ತದೆ. ಫ್ರಾನ್ಸಿನ ಬೆಜೂ 18ನೆಯ ಶತಮಾನದಲ್ಲಿ ತೋರಿಸಿದಂತೆ, ಸಾಮಾನ್ಯವಾಗಿ ಉತ್ತರಗಳ ಸಂಖ್ಯೆ ಸಮೀಕರಣಗಳ ಘಾತಗಳ ಗುಣಲಬ್ಧದಷ್ಟಾಗಬಹುದು. ಎರಡನೆಯ ಘಾತದ ಎರಡು ಸಮೀಕರಣಗಳಿಗೆ ನಾಲ್ಕು, ಮೂರಕ್ಕೆ ಎಂಟು, ಹತ್ತಕ್ಕೆ 1024.

ಈ ತೊಲಗಿಸುವ ಕೆಲಸಕ್ಕೆ ತಪ್ಪದ ಕ್ರಮವೊಂದನ್ನು 1965ರಲ್ಲಿ ಆಸ್ಟ್ರಿಯದ ಬ್ರೂನೋ ಬುಖ್‌ಬರ್ಗರ್ ತಮ್ಮ ಪಿಎಚ್.ಡಿ. ಪ್ರಬಂಧದಲ್ಲಿ ಕೊಟ್ಟರು. ಎರಡು ಸಮೀಕರಣಗಳನ್ನು ಆರಿಸಿ, ಅವುಗಳ ಮುಂಚೂಣಿಯ ಪದಗಳು ಪರಸ್ಪರ ಹೊಡೆದುಹೋಗುವಂತೆ ಗುಣಿಸಿ ಕಳೆಯುವುದು. ಉಳಿದದ್ದನ್ನು ಆಗಲೇ ಇರುವ ಸಮೀಕರಣಗಳಿಂದ ಭಾಗಿಸುತ್ತ ಹೋಗುವುದು. ಹೊಸದೇನಾದರೂ ಉಳಿದರೆ ಅದನ್ನೂ ಪಟ್ಟಿಗೆ ಸೇರಿಸುವುದು. ಹೊಸದೇನೂ ಹುಟ್ಟದ ತನಕ ಇದನ್ನೇ ಮುಂದುವರಿಸುವುದು. ಹೀಗೆ ದೊರೆಯುವ ಪಟ್ಟಿಗೆ ಅವರು ತಮ್ಮ ಗುರು ವೋಲ್ಫ್‌ಗಾಂಗ್ ಗ್ರೋಬ್ನರ್ ಅವರ ಹೆಸರಿಟ್ಟರು. ಶಿಷ್ಯನು ಕಂಡುದಕ್ಕೆ ಗುರುವಿನ ಹೆಸರು! ಅಧ್ಯಾಪಕರಾದ ನಮಗೆ ಇದು ಇಷ್ಟವಾಗುವ ಸಂಗತಿ. ಅವ್ಯಕ್ತಗಳನ್ನು ತಕ್ಕ ಅನುಕ್ರಮದಲ್ಲಿಟ್ಟು ಹೀಗೆ ಮಾಡಿದರೆ, ಪರಿಮಿತ ಸಂಖ್ಯೆಯ ಉತ್ತರಗಳಿರುವ ಲೆಕ್ಕಗಳಲ್ಲಿ, ಒಂದೇ ಅವ್ಯಕ್ತವಿರುವ ಸಮೀಕರಣವೊಂದು ಪಟ್ಟಿಯಲ್ಲಿ ಸಿಕ್ಕೇ ಸಿಗುತ್ತದೆ. ಅದನ್ನು ಬಿಡಿಸಿ ಹಿಂದಕ್ಕೆ ಬಂದರೆ ಉಳಿದವೂ ಬಿಚ್ಚಿಕೊಳ್ಳುತ್ತವೆ.

ಅಕ್ಷರಗಳನ್ನೇ ಲೆಕ್ಕ ಮಾಡುವ ತಂತ್ರಾಂಶಗಳು ಹುಟ್ಟಿದ್ದೂ ಅದೇ ಕಾಲದಲ್ಲಿ. 1968ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮ್ಯಾಕ್ಸಿಮಾದ ಪೂರ್ವಜವಾದ ಮ್ಯಾಕ್ಸಿಮಾ ಹೆಸರನ್ನೇ ಹೋಲುವ ಮ್ಯಾಕ್‌ಸಿಮಾ ಎಂಬ ವ್ಯವಸ್ಥೆಯ ಕೆಲಸ ಆರಂಭವಾಯಿತು. 1980ರಲ್ಲಿ ಕೆನಡದ ವಾಟರ್ಲೂ ವಿಶ್ವವಿದ್ಯಾಲಯದಲ್ಲಿ ಮೇಪಲ್, 1988ರಲ್ಲಿ ಮ್ಯಾಥಮ್ಯಾಟಿಕಾ ಬಂದವು. ಇವು ದುಬಾರಿ. ಹಳ್ಳಿಯ ಶಾಲೆಗೆ ಇಂಥ ವಿದ್ಯೆ ತಲುಪಿದ್ದು ಮುಕ್ತ ತಂತ್ರಾಂಶಗಳ ದಾರಿಯಲ್ಲಿ. ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಆರಂಭಿಸಿದ ಜಿಯೋಜಿಬ್ರಾದೊಳಗೆ ಇಂದು ಬೀಜಗಣಿತದ ಕೆಲಸ ಮಾಡುವುದು ಫ್ರಾನ್ಸಿನಲ್ಲಿ ಬೆಳೆದ ಜಿಯಾಕ್ ಎಂಬ ಮುಕ್ತ ತಂತ್ರಾಂಶ. ಕೇರಳ ಸರಕಾರವು 2001ರಲ್ಲಿ ಆರಂಭಿಸಿದ, ಈಗ ‘ಕೈಟ್’ ಎಂಬ ಸಂಸ್ಥೆಯಾಗಿರುವ ಐಟಿ ಅಟ್ ಸ್ಕೂಲ್ ಯೋಜನೆ ಶಾಲೆಗಳಿಗೆ ಮುಕ್ತ ತಂತ್ರಾಂಶಗಳನ್ನೇ ಆರಿಸಿಕೊಂಡಿತು. ಅದರ ಫಲವಾಗಿ ಊರಿನ ಶಾಲೆಯ ಮಗುವಿಗೂ ಮಹಾನಗರದ ಮಗುವಿಗೂ ಒಂದೇ ಉಪಕರಣ ಸಿಕ್ಕಿದೆ.

ಯಂತ್ರದ ಇನ್ನೊಂದು ಗುಣವನ್ನು ಹೇಳಬೇಕು. ನಮ್ಮ ಪಾತಿಯ ಕ್ಷೇತ್ರಫಲ 60ರ ಬದಲು 71 ಎಂದಿಟ್ಟರೆ 289ರಲ್ಲಿ 284 ಕಳೆದು 5 ಉಳಿಯುತ್ತದೆ; ಅದರ ಮೂಲ ಪೂರ್ಣಾಂಕವಲ್ಲ. ಸಾಮಾನ್ಯ ಕ್ಯಾಲ್ಕುಲೇಟರ್ 2.236 ಎಂದು ಕತ್ತರಿಸುತ್ತದೆ. ಬೀಜಗಣಿತದ ತಂತ್ರಾಂಶ √5 ಎಂದೇ ಉಳಿಸಿಕೊಳ್ಳುತ್ತದೆ. ಪ್ರಾಚೀನರು ಇಂಥ ರಾಶಿಯನ್ನು ‘ಕರಣಿ’ ಎಂದು ಕರೆದು ಅದರ ಕೂಡು ಕಳೆಯುವ ನಿಯಮಗಳನ್ನು ಬರೆದಿದ್ದರು. ಐದನೆಯ ಘಾತ ಮತ್ತು ಅದಕ್ಕಿಂತ ಮೇಲಿನ ಸಮೀಕರಣಗಳನ್ನು ಇಂಥ ಮೂಲಗಳಿಂದ ಬಿಡಿಸುವ ಸಾಮಾನ್ಯ ಸೂತ್ರವೇ ಇಲ್ಲವೆಂದು ನಾರ್ವೆಯ ಆಬೆಲ್ 1824ರಲ್ಲಿ ಸಾಧಿಸಿದನು. ಅಲ್ಲಿ ಯಂತ್ರವೂ ಸಾಮಾನ್ಯವಾಗಿ ದಶಮಾಂಶದ ಸಮೀಪಬೆಲೆಗೆ ಇಳಿಯಬೇಕಾಗುತ್ತದೆ.

ಖಾಲಿ ಆವರಣ

ತೋಟದ ಲೆಕ್ಕದ ಆ ದಿನ ಅಲ್ಲಿಗೆ ಮುಗಿಯಲಿಲ್ಲ. ಅಧ್ಯಾಪಕರು ಕರ್ಣದ ಲೆಕ್ಕವನ್ನು ಕೊಟ್ಟರು: ವರ್ಗಗಳ ಮೊತ್ತ 169, ಗುಣಲಬ್ಧ 60. ಈ ಬಾರಿ ಯಂತ್ರ ನಾಲ್ಕು ಉತ್ತರ ಕೊಟ್ಟಿತು. ಬೆಜೂ ಹೇಳಿದ ಲೆಕ್ಕಕ್ಕೆ ಅದು ಸರಿ. ಅವುಗಳಲ್ಲಿ ಎರಡರಲ್ಲಿ ಬದಿಗಳು ಋಣ 12, ಋಣ 5. ಮಕ್ಕಳು ನಕ್ಕರು, ಋಣ 12 ಮೀಟರಿನ ಬೇಲಿ ಎಲ್ಲಿಯದು? ಆಗಲೇ ಅಧ್ಯಾಪಕರು ಕೋತಿಗಳ ಲೆಕ್ಕ ಹೇಳಿದ್ದು.

ಅನಂತರ ಒಂದು ಎಡವಟ್ಟು ನಡೆಯಿತು. ಅದು ನಮ್ಮದೇ ಆದ್ದರಿಂದ ಬರೆಯುತ್ತೇವೆ. ಹಾಡಿಯ ಆ ಹುಡುಗಿ ಮತ್ತೆ ಮೊದಲ ಲೆಕ್ಕವನ್ನು ಬರೆಯುವಾಗ 60ರ ಬದಲು 80 ಎಂದು ಒತ್ತಿದಳು. ಪರದೆಯ ಮೇಲೆ ಬಂದದ್ದು ಪುಷ್ಪಾವರಣ, ಅದರೊಳಗೆ ಏನೂ ಇಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಾವು, ಗಣಕ ಕೆಟ್ಟಿರಬೇಕು, ಬೇರೆಯದರಲ್ಲಿ ಮಾಡು ಎಂದೆವು. ಅವಳು ಬೇರೆಯದಕ್ಕೆ ಹೋದಳು. ಅಲ್ಲಿಯೂ ಖಾಲಿ ಆವರಣ. ತಿರುಗಿ ನಮ್ಮನ್ನು ನೋಡಿ, “ಕೆಟ್ಟಿಲ್ಲ ಟೀಚರ್. 34 ಮೀಟರಿನ ಬಲೆಯಲ್ಲಿ 80 ಹಿಡಿಯುವುದಿಲ್ಲ ಅಂತ ಹೇಳುತ್ತಿದೆ” ಎಂದಳು.

ಅವಳು ಹೇಳಿದ್ದೇ ಸರಿ. 34 ಮೀಟರ್ ಸುತ್ತಳತೆಯ ಆಯತಗಳಲ್ಲಿ ಚೌಕಕ್ಕೇ ಹೆಚ್ಚಿನ ಜಾಗ, ಅದೂ 72.25 ಚದರ ಮೀಟರ್ ಮಾತ್ರ. ಮಹಾವೀರಾಚಾರ್ಯನ ಸೂತ್ರದಲ್ಲಿ ನೋಡಿದರೆ 289ರಲ್ಲಿ 320 ಕಳೆಯಬೇಕು. ಋಣ 31 ಉಳಿಯುತ್ತದೆ. ಋಣರಾಶಿಯು ಸ್ವಭಾವತಃ ಯಾವುದರ ವರ್ಗವೂ ಅಲ್ಲ, ಆದುದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅವನು ಸ್ಪಷ್ಟವಾಗಿ ಬರೆದಿದ್ದಾನೆ. ಮಾನ್ಯಖೇಟದ ಆ ಮಾತೇ ನಮ್ಮ ಪರದೆಯ ಮೇಲೆ ಖಾಲಿ ಆವರಣವಾಗಿ ಬಂದಿತ್ತು. ಅಧ್ಯಾಪಕರು ಆಜ್ಞೆಯನ್ನು ‘ಸಿಸಾಲ್ವ್’ ಎಂದು ಬದಲಿಸಿ ತೋರಿಸಿದರು. ಆಗ ಉತ್ತರ ಬಂದಿತು, ‘ಐ’ ಎಂಬ ಅಕ್ಷರದೊಂದಿಗೆ. ಋಣ ಒಂದಕ್ಕೆ ಮೂಲವಿದೆಯೆಂದು ಕಲ್ಪಿಸಿಕೊಂಡು ಯೂರೋಪಿನ ಗಣಿತಜ್ಞರು 16ನೆಯ ಶತಮಾನದಿಂದೀಚೆಗೆ ಬೆಳೆಸಿದ ಸಂಖ್ಯೆಗಳ ಲೋಕ ಅದು. ವಿದ್ಯುತ್ತಿನ ಲೆಕ್ಕಕ್ಕೆ ಅದು ಬೇಕೇಬೇಕು. ತರಕಾರಿ ಪಾತಿಗೆ ಬೇಡ. ಒಂದೇ ಪ್ರಶ್ನೆಗೆ ಒಂದು ಆಜ್ಞೆ ಇಲ್ಲವೆಂದಿತು, ಇನ್ನೊಂದು ಎರಡಿವೆ ಎಂದಿತು. ಯಾವುದನ್ನು ಕೇಳಬೇಕೆಂಬ ಅರಿವು ಕೇಳುವವರಲ್ಲಿರಬೇಕು.

ಅಂದು ನಮಗೆ ಆ ತಂದೆಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಕನ್ನಡದಲ್ಲಿ ಕಲಿತ ಲೆಕ್ಕ ಕಂಪ್ಯೂಟರಿಗೆ ಅರ್ಥವಾಗುತ್ತದೆಯೇ? ಕಂಪ್ಯೂಟರಿಗೆ ಯಾವ ಭಾಷೆಯ ಲೆಕ್ಕವೂ ಅರ್ಥವಾಗುವುದಿಲ್ಲ. ಅದು ಅವ್ಯಕ್ತವನ್ನು ತೊಲಗಿಸುತ್ತದೆ, ಮೂಲ ತೆಗೆಯುತ್ತದೆ, ಸಾವಿರ ಉತ್ತರಗಳಿದ್ದರೆ ಸಾವಿರವನ್ನೂ ಪಟ್ಟಿ ಮಾಡುತ್ತದೆ. ಅದರ ಆಜ್ಞೆಗಳು ಇಂಗ್ಲಿಷಿನಲ್ಲಿವೆ, ನಿಜ. ಹತ್ತಿಪ್ಪತ್ತು ಪದಗಳನ್ನು ನಮ್ಮ ಮಕ್ಕಳು ಒಂದು ವಾರದಲ್ಲಿ ಕಲಿಯುತ್ತಾರೆ. ಇಂಗ್ಲಿಷನ್ನೂ ಚೆನ್ನಾಗಿಯೇ ಕಲಿಯಲಿ, ಅದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ನೆಲದ ಪ್ರಶ್ನೆಯನ್ನು ಸಮೀಕರಣವಾಗಿಸುವುದು, ಬಂದ ಉತ್ತರವನ್ನು ಮತ್ತೆ ನೆಲದ ಮೇಲಿಟ್ಟು ನೋಡುವುದು, ಈ ಎರಡು ಕೆಲಸಗಳೂ ಯಂತ್ರದ ಹೊರಗೆ ಉಳಿದಿವೆ. ಅವನ್ನು ಮಗು ತಾನು ಯೋಚಿಸುವ ನುಡಿಯಲ್ಲಿಯೇ ಮಾಡುತ್ತದೆ. ಇಳಿಜಾರು, ಮಣ್ಣು, ಮಳೆ, ಬಲೆ ಹಿಡಿಯುವುದಿಲ್ಲ ಎಂಬ ಮಾತುಗಳು ಆ ಹುಡುಗಿಗೆ ಅನುವಾದವಾಗಿ ಬರಲಿಲ್ಲ. ಆದ್ದರಿಂದಲೇ ಮುಖ್ಯೋಪಾಧ್ಯಾಯಿನಿಗಿಂತ ಮೊದಲು ಅವಳಿಗೆ ಹೊಳೆಯಿತು.

ಶಾಲೆಗೆ ನೂರು ತುಂಬುವ ಹೊತ್ತಿನಲ್ಲಿ ಕನ್ನಡ ತರಗತಿಗಳ ಹಾಜರಿ ಪುಸ್ತಕದ ಪುಟಗಳು ಮೊದಲಿನಷ್ಟು ತುಂಬುತ್ತಿಲ್ಲವೆಂಬುದನ್ನು ಹಳೆಯ ವಿದ್ಯಾರ್ಥಿಗಳಿಂದ ಮುಚ್ಚಿಡುವುದಿಲ್ಲ. ಉತ್ಸವದ ತೋರಣಗಳು ಆ ಚಿಂತೆಯನ್ನು ಮರೆಮಾಡಲಾರವು. ಪೋಷಕರನ್ನು ದೂರುವುದೂ ನ್ಯಾಯವಲ್ಲ. ಮಕ್ಕಳ ನಾಳೆಯ ಬಗ್ಗೆ ಅವರು ಕೇಳುವ ಪ್ರಶ್ನೆಗೆ ಅಭಿಮಾನದ ಮಾತು ಉತ್ತರವಾಗದು. ಉತ್ತರ ಗಣಕ ಕೊಠಡಿಯಲ್ಲಿ, ತೋಟದಲ್ಲಿ, ಕರಿಹಲಗೆಯ ಮೇಲೆ ಕಾಣಬೇಕು. ಹಳೆಯ ವಿದ್ಯಾರ್ಥಿಗಳಲ್ಲಿ ಇಂಜಿನಿಯರುಗಳಿದ್ದೀರಿ, ಬ್ಯಾಂಕಿನವರಿದ್ದೀರಿ, ಶುಂಠಿ ಬಾಳೆ ಬೆಳೆಯುವವರಿದ್ದೀರಿ. ವರ್ಷಕ್ಕೊಂದು ದಿನ ಬನ್ನಿ. ನಿಮ್ಮ ಕೆಲಸದಲ್ಲಿ ಎದುರಾಗುವ ಎರಡು ಅವ್ಯಕ್ತಗಳ ಒಂದು ನಿಜವಾದ ಲೆಕ್ಕವನ್ನು ಕನ್ನಡದಲ್ಲಿ ಹೇಳಿ, ಮಕ್ಕಳ ಕೈಯಲ್ಲಿ ಬಿಡಿಸಿ. ಶತಮಾನೋತ್ಸವಕ್ಕೆ ನೀವು ಕೊಡಬಹುದಾದ ದೇಣಿಗೆಗಳಲ್ಲಿ ಇದಕ್ಕೆ ಮಿಗಿಲಾದುದನ್ನು ನಾವು ಕಾಣೆವು.

ಟಿ.ಸಿ. ಪಡೆದುಹೋದ ಆ ತಂದೆ ಈ ಸಂಚಿಕೆಯನ್ನು ಓದುವರೆಂಬ ಭರವಸೆ ನಮಗಿದೆ. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅವರ ಹೆಸರೂ ಇದೆ, ಒಂದು ಪ್ರತಿ ಅವರ ಮನೆಗೆ ಹೋಗುತ್ತದೆ. ಅಂದು ನಿಮ್ಮನ್ನು ಉತ್ತರವಿಲ್ಲದೆ ಮಳೆಯಲ್ಲಿ ಕಳುಹಿಸಿದೆವು. ತಡವಾಯಿತು, ಕ್ಷಮಿಸಿ. ತೋಟ ಈಗಲೂ ಇದೆ, ಬದಿಗಳು 12 ಮತ್ತು 5. ಉದ್ದದ ಬದಿ ಇಳಿಜಾರಿಗೆ ಅಡ್ಡವಾಗಿದೆ. ಮಗಳೊಂದಿಗೆ ಒಮ್ಮೆ ಬಂದು ನೋಡಿರಿ.